ಪಗಾರ ಅರ್ಧಕ್ಕೆ ಇಳಿದಾಗ: ವಾರದ ಕಂತು, ಸಂಘದ ಸಾಲ, ಉದ್ರಿ, ಬಂಗಾರ

ನಮ್ಮದು ಬಾಗಲಕೋಟೆ ಜಿಲ್ಲೆಯ ಬನಹಟ್ಟಿ. ಮನೆಯವರು ಬೇರೆಯವರ ಪಾವರ್‌ಲೂಮ್ ಮೇಲೆ ಸೀರೆ ನೇಯುತ್ತಾರೆ, ನಾನು ಮನೆಯಲ್ಲೇ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತೇನೆ. ಪಗಾರ ತಿಂಗಳಿಗೆ ಅಲ್ಲ, ವಾರಕ್ಕೆ. 2020ರ ಮಾರ್ಚ್‌ಗೆ ಮೊದಲು ಇಬ್ಬರದೂ ಸೇರಿ ವಾರಕ್ಕೆ 2,800 ರೂಪಾಯಿ ಬರುತ್ತಿತ್ತು. ಮಾರ್ಚ್ 25ಕ್ಕೆ ಲಾಕ್‌ಡೌನ್ ಆಯಿತು, ಮಗ್ಗ ನಿಂತವು. ನಮ್ಮ ಸಾಹುಕಾರರ ಸೀರೆ ಜಾಸ್ತಿ ಹೋಗುವುದು ಮಹಾರಾಷ್ಟ್ರಕ್ಕೆ, ಅದೂ ಮದುವೆ ದಿನಗಳಲ್ಲಿ. ಅಲ್ಲಿ ಪೇಟೆ ಬಂದ್, ಇಲ್ಲಿ ಮದುವೆ ಬಂದ್. ಜೂನ್‌ನಲ್ಲಿ ಮಗ್ಗ ಶುರುವಾದರೂ ಹಳೆ ಮಾಲೇ ಗಂಟು ಗಂಟಾಗಿ ಬಿದ್ದಿತ್ತು. ವಾರದಲ್ಲಿ ಮೂರು ದಿನ ಕೆಲಸ, ಕೈಗೆ 1,300 ರೂಪಾಯಿ. ತಿನ್ನುವವರು ಐದು ಜನ: ನಾವಿಬ್ಬರು, ಅತ್ತಿ, ಎರಡು ಮಕ್ಕಳು.

ಆ ಒಂದು ವರ್ಷದಲ್ಲಿ ಮೈಕ್ರೋಫೈನಾನ್ಸ್ ಕಂತು, ಸ್ತ್ರೀಶಕ್ತಿ ಸಂಘದ ಸಾಲ, ಅಂಗಡಿ ಉದ್ರಿ, ಬ್ಯಾಂಕಿನಲ್ಲಿ ಬಂಗಾರ, ನಾಲ್ಕನ್ನೂ ಒಂದೇ ಮನೆಯಲ್ಲಿ ಇಟ್ಟುಕೊಂಡು ನಡೆಸಿದ್ದೇನೆ. ಸಾಲ ಅಂದ ಕೂಡಲೇ ಎಲ್ಲರೂ ಬಡ್ಡಿ ಎಷ್ಟು ಅಂತ ಕೇಳುತ್ತಾರೆ, ನಾನೂ ಅದನ್ನೇ ಕೇಳುತ್ತಿದ್ದೆ. ಈಗ ನಾನು ಮೊದಲು ಕೇಳುವುದು ಬೇರೆ. ಈ ವಾರ ನನ್ನ ಹತ್ತಿರ ನೂರೇ ರೂಪಾಯಿ ಇದ್ದರೆ, ಇವರು ಆ ನೂರನ್ನೇ ತಗೊಂಡು ಸುಮ್ಮನಿರುತ್ತಾರಾ?

ಮೊದಲು ವಾರದ ಕಂತಿನ ಮಾತು. 2019ರ ಡಿಸೆಂಬರ್‌ನಲ್ಲಿ ಮಾಳಿಗೆ ಸೋರುತ್ತದೆ ಅಂತ ಮೈಕ್ರೋಫೈನಾನ್ಸ್‌ನಲ್ಲಿ 30,000 ತೆಗೆದಿದ್ದೆವು. ವರ್ಷಕ್ಕೆ 24 ಪರ್ಸೆಂಟ್, 104 ವಾರ, ವಾರಕ್ಕೆ 365. ತಗೊಳ್ಳುವಾಗ ಬಹಳ ಸಲೀಸು. ಆಧಾರ್ ಕೊಟ್ಟೆ, ಹತ್ತು ಹೆಂಗಸರ ಗುಂಪು ಆಯಿತು, ಕಾಗದಕ್ಕೆ ಸಹಿ, ಮುಗಿಯಿತು. ಪಗಾರ 2,800 ಇದ್ದಾಗ 365 ಕೊಟ್ಟದ್ದು ಗೊತ್ತೇ ಆಗುತ್ತಿರಲಿಲ್ಲ. 1,300ಕ್ಕೆ ಇಳಿದಾಗಲೂ ಅದು 365ರಲ್ಲೇ ನಿಂತಿತ್ತು. ಕಾಲು ಭಾಗಕ್ಕಿಂತ ಜಾಸ್ತಿ ಅದಕ್ಕೇ ಹೋದರೆ ಉಳಿದದ್ದರಲ್ಲಿ ಐದು ಜನರ ಊಟ, ಗ್ಯಾಸ್, ಅತ್ತಿಯ ಬಿಪಿ ಗುಳಿಗೆ ಎಲ್ಲ ಹೇಗೆ ಹೊಂದಿಸುವುದು?

ರಿಸರ್ವ್ ಬ್ಯಾಂಕ್ ಆಗ 2020ರ ಮಾರ್ಚ್‌ನಿಂದ ಆಗಸ್ಟ್ ಕೊನೆವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತ್ತು. ಕಂತು ಮಾಫಿ ಆಯಿತು ಅಂತ ನಮ್ಮ ಓಣಿಯಲ್ಲಿ ಅರ್ಧ ಜನ ತಿಳಿದುಕೊಂಡಿದ್ದರು. ಮಾಫಿ ಅಲ್ಲ, ಮುಂದಕ್ಕೆ ಹೋಗಿದ್ದು ಅಷ್ಟೇ, ಬಡ್ಡಿ ಓಡುತ್ತಲೇ ಇತ್ತು. ನನ್ನದು ಆಗ 27,000 ಬಾಕಿ. ಆರು ತಿಂಗಳಿಗೆ ಸುಮಾರು 3,200 ಬಡ್ಡಿ ಕೂಡಿತು, ಅಂದರೆ ಕೊನೆಯಲ್ಲಿ ಒಂಬತ್ತು ಕಂತು ಜಾಸ್ತಿ. ಆದರೂ ಬಿಟ್ಟೆ. ಆ ವಾರಗಳಲ್ಲಿ ರೊಕ್ಕವೇ ಇರಲಿಲ್ಲ.

ಸೆಪ್ಟೆಂಬರ್‌ನಿಂದ ಮತ್ತೆ ಶುರು. ಒಂದು ವಾರ 200 ಇತ್ತು, ಅಷ್ಟನ್ನೇ ಹಿಡಿದುಕೊಂಡು ಹೋದೆ. ವಸೂಲಿಗೆ ಬಂದ ಹುಡುಗ ಪೂರಾ ಕಂತು ಇಲ್ಲದೆ ಬರೆದುಕೊಳ್ಳುವುದಿಲ್ಲ ಅಂದ. ಒಬ್ಬರದು ತಪ್ಪಿದರೆ ಇಡೀ ಗುಂಪಿನ ಹೊಣೆ ಅಂತ ಉಳಿದ ಒಂಬತ್ತು ಜನರನ್ನೂ ಎಬ್ಬಿಸದೆ ಅಲ್ಲೇ ಕೂರಿಸಿದ. ಕೊನೆಗೆ ಮಗ್ಗುಲ ಮನೆಯ ವೈನಿ ತಮ್ಮ ಬ್ಲೌಸ್ ಹೊಲಿದ ರೊಕ್ಕದಲ್ಲಿ 165 ಕೊಟ್ಟರು. ಅವರ ಮನೆಯಲ್ಲೂ ಮಗ್ಗ ನಿಂತಿತ್ತು. ಆ 165 ನನಗೆ ಇವತ್ತಿಗೂ ಚುಚ್ಚುತ್ತದೆ. ಈ ಸಾಲದಲ್ಲಿ ನಮ್ಮ ಕಷ್ಟ ನಮ್ಮ ಮನೆಯಲ್ಲೇ ಉಳಿಯುವುದಿಲ್ಲ, ನಮ್ಮಷ್ಟೇ ಕಷ್ಟದಲ್ಲಿರುವ ಇನ್ನೊಂದು ಮನೆಗೆ ಹೋಗಿ ಬೀಳುತ್ತದೆ. (ಈಗ ನಿಯಮ ಬದಲಾಗಿದೆ. 2022ರಿಂದ ಮನೆಯ ಎಲ್ಲ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತೆ ಮೈಕ್ರೋಫೈನಾನ್ಸ್ ಸಾಲ ಕೊಡುವಂತಿಲ್ಲ. ವಸೂಲಿಗೆ ಕಿರುಕುಳ ಕೊಟ್ಟರೆ ಜೈಲು ಅಂತ 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೂ ತಂದಿತು. ಗೊತ್ತಿಲ್ಲದವರು ತಿಳಿದುಕೊಳ್ಳಿ.)

ಇದರ ಪಕ್ಕದಲ್ಲೇ ನಮ್ಮ ಸ್ತ್ರೀಶಕ್ತಿ ಸಂಘದ ಸಾಲ ಇಟ್ಟು ನೋಡಿ. ನಾವು ಹದಿನೈದು ಜನ, ವಾರಕ್ಕೆ 50 ಉಳಿತಾಯ. ಒಳಗಿಂದೊಳಗೆ ಸಾಲ ಕೊಡುವಾಗ ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ. ಅಂದರೆ ಇದೂ ವರ್ಷಕ್ಕೆ 24! ಅದಕ್ಕೇ ನಮ್ಮ ಮನೆಯವರು ಎರಡೂ ಒಂದೇ ಅಲ್ವಾ ಅನ್ನುತ್ತಿದ್ದರು. ಒಂದೇ ಅಲ್ಲ. ಜುಲೈನಲ್ಲಿ 5,000 ತಗೊಂಡೆ. ಆಗಸ್ಟ್‌ನಲ್ಲಿ ಬಡ್ಡಿ 100 ಮಾತ್ರ ಕಟ್ಟಿದೆ, ಅಸಲು ಮುಟ್ಟಲಿಲ್ಲ. ಸೆಪ್ಟೆಂಬರ್‌ನಲ್ಲಿ ಅದೂ ಆಗಲಿಲ್ಲ, ಸಭೆಯಲ್ಲಿ ಎದ್ದು ಹೇಳಿದೆ. ಅಧ್ಯಕ್ಷರು ಪುಸ್ತಕದಲ್ಲಿ ಬರೆದುಕೊಂಡು "ದಸರಾ ಮುಗೀಲಿ, ಕೆಲಸ ಬರ್ತಾವ, ಆಗ ಕೊಡು" ಅಂದರು. ನವೆಂಬರ್‌ನಲ್ಲಿ ದೀಪಾವಳಿ ಕೆಲಸ ಚೆನ್ನಾಗಿ ಬಂತು, ಒಮ್ಮೆಲೇ 2,000 ಕಟ್ಟಿದೆ. ನಾವು ಕಟ್ಟಿದ ಬಡ್ಡಿ ಸಂಘದ ಪೆಟ್ಟಿಗೆಗೇ ಹೋಗುತ್ತದೆ, ಅದರಲ್ಲಿ ನನ್ನ ಪಾಲೂ ಇದೆ.

ಇದರ ಕೊರತೆ ಏನೆಂದರೆ ಪೆಟ್ಟಿಗೆ ಸಣ್ಣದು. ಕಷ್ಟ ಬಂದರೆ ಎಲ್ಲರಿಗೂ ಒಟ್ಟಿಗೆ ಬರುತ್ತದೆ, ಜುಲೈನಲ್ಲಿ ಏಳು ಜನ ಒಂದೇ ಸಲ ಕೇಳಿದರು. ನಾನು ಕೇಳಿದ್ದು 10,000, ಸಿಕ್ಕಿದ್ದು 5,000. ಆದರೂ ಎರಡರಲ್ಲಿ ಒಂದು ಆರಿಸು ಅಂದರೆ ಕಣ್ಣು ಮುಚ್ಚಿ ಸಂಘ ಅನ್ನುತ್ತೇನೆ.

ಭಿಶಿಯೂ (ನಮ್ಮ ನಮ್ಮಲ್ಲೇ ಹಾಕುವ ಚೀಟಿ) ಇತ್ತು, ಹನ್ನೆರಡು ಜನ, ತಿಂಗಳಿಗೆ 500. ಏಪ್ರಿಲ್‌ನಲ್ಲೇ ನಾಲ್ಕು ಜನ ನಿಲ್ಲಿಸಿದರು, ಭಿಶಿ ಮುರಿಯಿತು. ಕಾಗದ ಪತ್ರ ಏನೂ ಇಲ್ಲ. ಕಟ್ಟಿದ್ದರಲ್ಲಿ ಅರ್ಧ ಬಂತು. ಪಗಾರ ಸರಿ ಇದ್ದಾಗ ಪಾತ್ರೆ ಕೊಳ್ಳಲು ಭಿಶಿ ಚಲೋ, ಕಷ್ಟಕ್ಕೆ ಅದನ್ನು ನಂಬಬೇಡಿ.

ಈಗ ಉದ್ರಿ. ಇದರ ಬಗ್ಗೆ ನನ್ನ ಮನಸ್ಸು ಎರಡು ಸಲ ಬದಲಾಗಿದೆ. ನಮ್ಮ ಓಣಿಯ ಕಿರಾಣಿ ಅಂಗಡಿ ಕಾಕಾ ಏಪ್ರಿಲ್‌ನಲ್ಲಿ ತಾವಾಗಿಯೇ "ಅಕ್ಕಾರ, ಇದ್ದಾಗ ಕೊಡ್ರಿ, ಮಕ್ಕಳನ್ನ ಉಪವಾಸ ಇಡಬ್ಯಾಡ್ರಿ" ಅಂದರು. ಬಡ್ಡಿ ಇಲ್ಲ, ಕಂತಿಲ್ಲ, ನೂರು ಕೊಟ್ಟರೆ ನೂರು ಬರೆದುಕೊಳ್ಳುತ್ತಾರೆ. ನಾನು ಕೇಳುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉತ್ತರ ಇಲ್ಲ ಅಂದುಕೊಂಡೆ. ಆದರೆ ಜುಲೈ ಕೊನೆಗೆ ವಹಿ ನೋಡಿದಾಗ 9,400! ಕುಳಿತು ಸಾಲು ಸಾಲಾಗಿ ಓದಿದೆ. ಎಣ್ಣೆ, ಬೇಳೆ, ಚಹಾಪುಡಿ, ಸಕ್ಕರೆ ಸರಿ. ನಡುನಡುವೆ ಬಿಸ್ಕೀಟು, ಚುರುಮುರಿ ಜೊತೆಗೆ ಫರಸಾಣ, ಶಾಂಪೂ ಚೀಟಿ, 10, 20, 10. ಅವೇ ಸುಮಾರು 1,900 ಆಗಿದ್ದವು. ಕೈಯಿಂದ ರೊಕ್ಕ ಹೋಗದಿದ್ದರೆ ಹೋದದ್ದು ಗೊತ್ತಾಗುವುದಿಲ್ಲ, ಮಕ್ಕಳನ್ನು ಕಳಿಸಿದರೆ ಅವರಿಗಂತೂ ಗೊತ್ತಾಗುವುದೇ ಇಲ್ಲ. ಇನ್ನೊಂದು ಸಂಗತಿ, ಬಾಕಿ ಇದ್ದಾಗ ಬೇರೆ ಅಂಗಡಿಗೆ ಹೋಗಲು ಮುಖ ಬರುವುದಿಲ್ಲ. ಸಂತೆಯಲ್ಲಿ ಶೇಂಗಾ ಅಗ್ಗ ಇದ್ದರೂ ಕಾಕಾ ಹತ್ತಿರವೇ ತಗೋಬೇಕು.

ಆಗಸ್ಟ್‌ನಿಂದ ಎರಡು ಪಾಲು ಮಾಡಿದೆ. ಎಣ್ಣೆ, ಬೇಳೆ, ಸಾಬೂನು ಮಾತ್ರ ಉದ್ರಿ, ಅದೂ ನಾನೇ ಹೋಗಿ ತರಬೇಕು. ಕಾಯಿಪಲ್ಯ, ಶೇಂಗಾ, ಮಕ್ಕಳ ತಿಂಡಿ ಸಂತೆಯಲ್ಲಿ ನಗದು ಕೊಟ್ಟು. ಪಗಾರ ಬಂದ ದಿನವೇ 350 ರೂಪಾಯಿ ಬೇರೆ ಡಬ್ಬಿಗೆ ಹಾಕುತ್ತಿದ್ದೆ, ಖಾಲಿ ಆದರೆ ಆ ವಾರ ಕಡಲೆಹಿಟ್ಟಿನ ಝುಣಕ. ಫೋನಿನಲ್ಲಿ ಖರ್ಚು ಬರೆಯುವ ಆ್ಯಪ್ ಮಗಳು ಹಾಕಿಕೊಟ್ಟಳು, ಹತ್ತು ದಿನ ಬರೆದೆ, ಆಮೇಲೆ ಬಿಟ್ಟೆ. ಡಬ್ಬಿಗೆ ಕೈ ಹಾಕಿದಾಗ ಎಷ್ಟು ಉಳಿದಿದೆ ಅಂತ ಬೆರಳಿಗೇ ತಿಳಿಯುತ್ತದೆ, ನನಗೆ ಅದೇ ಸರಿಹೋಯಿತು.

ನಿಜ ಹೇಳಬೇಕೆಂದರೆ ಈ ಎಲ್ಲಕ್ಕಿಂತ ಹೆಚ್ಚು ಕಾಪಾಡಿದ್ದು ಫೆಬ್ರವರಿ ಕೊನೆಗೆ ತವರಿನಿಂದ ಬಂದ ಒಂದು ಚೀಲ ಬಿಳಿ ಜೋಳ ಮತ್ತು ರೇಷನ್ ಅಕ್ಕಿ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ತಲೆಗೆ 5 ಕಿಲೋ ಕೇಂದ್ರದ ಪುಕ್ಕಟೆ ಧಾನ್ಯವೂ ಇತ್ತು. ಐದು ಕಿಲೋ ಜೋಳಕ್ಕೆ ಒಂದೂವರೆ ಕಿಲೋ ಅಕ್ಕಿ ಸೇರಿಸಿ ಗಿರಣಿಯಲ್ಲಿ ಹಾಕಿಸುತ್ತಿದ್ದೆ. ರೊಟ್ಟಿ ಸ್ವಲ್ಪ ಬಿರುಸಾಗುತ್ತದೆ, ಅತ್ತಿಗೆ ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದೆ. ಜೋಳದ ಚೀಲ ಸೆಪ್ಟೆಂಬರ್‌ವರೆಗೆ ಬಂತು. ಜನಧನ್ ಖಾತೆಗೆ ಮೂರು ತಿಂಗಳು 500 ಬಿತ್ತು, ಅದು ಪೂರಾ ಗುಳಿಗೆಗೆ ಹೋಯಿತು.

ಬಂಗಾರ ಕೊನೆಗೆ ತೆಗೆದೆ, ಮೊದಲೇ ತೆಗೆಯಬೇಕಿತ್ತು. ಬೋರಮಾಳ (ಬಂಗಾರದ ಗುಂಡಿನ ಸರ) ಅವ್ವ ಹಾಕಿದ್ದು. ಅದನ್ನು ಅಡ ಇಟ್ಟರೆ ಓಣಿಯಲ್ಲಿ ಏನಂತಾರೋ ಅಂತ ನಾಲ್ಕು ತಿಂಗಳು ಕಳೆದೆ. ಅಷ್ಟರಲ್ಲಿ ಮನೆಯವರು ಕೈಗಡ ಕೇಳಲು ಹೊರಟಿದ್ದರು, ನೂರಕ್ಕೆ ತಿಂಗಳಿಗೆ 5. ಅಂದರೆ 40,000ಕ್ಕೆ ತಿಂಗಳಿಗೆ 2,000 ಬಡ್ಡಿಯೇ! ಬೇಡ ಅಂದು ಸೆಪ್ಟೆಂಬರ್‌ನಲ್ಲಿ ಬ್ಯಾಂಕಿಗೆ ಹೋದೆವು. ಅಕ್ಕಸಾಲಿಗರು ಒರೆಗೆ ಹಚ್ಚಿ ತೂಕ ಮಾಡಿದರು. ಆ ವರ್ಷ ಆಗಸ್ಟ್‌ನಿಂದ 2021ರ ಮಾರ್ಚ್‌ವರೆಗೆ ಬೆಲೆಯ 90 ಪರ್ಸೆಂಟ್‌ವರೆಗೂ ಬ್ಯಾಂಕುಗಳು ಕೊಡಬಹುದಿತ್ತು, ಮೊದಲು 75 ಇತ್ತು. ನಾವು ಪೂರಾ ತಗೊಳ್ಳಲಿಲ್ಲ, 40,000 ಸಾಕು ಅಂದೆವು. ಬಡ್ಡಿ ವರ್ಷಕ್ಕೆ 9, ಅಂದರೆ ತಿಂಗಳಿಗೆ 300. ಹನ್ನೆರಡು ತಿಂಗಳೊಳಗೆ ಯಾವಾಗ ಬೇಕಾದರೂ, ಎಷ್ಟು ಬೇಕಾದರೂ ಕಟ್ಟಬಹುದು. ವರ್ಷ ಮುಗಿದರೂ ಕಟ್ಟದಿದ್ದರೆ ನೋಟಿಸು, ಆಮೇಲೆ ಲಿಲಾವು (ಹರಾಜು). ಆ ಭಯ ಇದ್ದೇ ಇರುತ್ತದೆ, ಅದಕ್ಕೇ ತಾರೀಖನ್ನು ದೇವರ ಜಗಲಿಯ ಪಕ್ಕದ ಗೋಡೆಗೆ ಬರೆದಿದ್ದೆ.

ಆ ರೊಕ್ಕದಿಂದ ಮೊದಲು ಮಾಡಿದ ಕೆಲಸ ವೈನಿಯ 165 ಕೊಟ್ಟದ್ದು. ಆಮೇಲೆ ಮೈಕ್ರೋಫೈನಾನ್ಸ್ ಬಾಕಿ ಪೂರಾ ಮುಚ್ಚಿದೆವು. 24ರ ಸಾಲ ತೀರಿಸಲು 9ರ ಸಾಲ ಅನ್ನುವುದು ಲೆಕ್ಕಕ್ಕೆ ಚಲೋ. ಆದರೆ ನನಗೆ ನಿದ್ದೆ ಬಂದದ್ದು ವಾರದ 365 ತಪ್ಪಿದ್ದಕ್ಕೆ. ಉಳಿದದ್ದರಲ್ಲಿ ಕಾಕಾನ ಬಾಕಿ ಮುಕ್ಕಾಲು ತೀರಿತು.

ಬೋರಮಾಳ ಬಿಡಿಸಿದ್ದು 2021ರ ಮಾರ್ಚ್‌ನಲ್ಲಿ, ಮನೆಯವರ ತಮ್ಮ ಶೇಂಗಾ ಮಾರಿದ ರೊಕ್ಕ ಸ್ವಲ್ಪ ಕೈಗೂಡಿತು. ಏಪ್ರಿಲ್ 27ಕ್ಕೆ ಮತ್ತೆ ಎಲ್ಲ ಬಂದ್. ಈ ಸಲ ನಾಲ್ಕು ತಿಂಗಳು ಕಾಯಲಿಲ್ಲ. ಮರುದಿನವೇ ಹಗೇವಿನಂತೆ (ನೆಲದೊಳಗೆ ಜೋಳ ಕೂಡಿಡುವ ಗುಂಡಿ) ತುಂಬಿದ್ದ ಅಡಿಗೆಮನೆಯ ಡಬ್ಬಿಗಳನ್ನು ಎಣಿಸಿದೆ, ಸಂಘದ ಅಧ್ಯಕ್ಷರಿಗೆ ಫೋನ್ ಮಾಡಿ ಈ ಸಲ ನನಗಿಂತ ಮೊದಲು ವೈನಿಗೆ ಕೊಡ್ರಿ ಅಂದೆ. ಆಮೇಲೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಅಂಗಡಿಗೆ ಹೋದೆ. "ಕಾಕಾ, ವಾರಕ್ಕ 600ರ ಮ್ಯಾಲ ನನ್ನ ಹೆಸರಿಗೆ ಬರೀಬ್ಯಾಡ್ರಿ. ಹುಡುಗರು ಬಂದು ಕೇಳಿದ್ರ ಹಾಂಗ ಕಳಸ್ರಿ" ಅಂದೆ. ಅವರು ವಹಿ ತೆಗೆದು, ನನ್ನ ಹೆಸರಿನ ಹಾಳೆಯ ಮೇಲೆ ಕೆಂಪು ಪೆನ್ನಿನಿಂದ 600 ಅಂತ ಬರೆದು, ಸುತ್ತ ಗೆರೆ ಎಳೆದರು.