‘ಪರ್ಲ್’ ಒಂದೇ, ಕೇಳುವ ದಾರಿ ಮೂರು

ಅಮೆರಿಕದ ರಾಕ್ ಗಾಯಕಿ ಜಾನಿಸ್ ಜಾಪ್ಲಿನ್ ಹಾಡಿದ ಕೊನೆಯ ಆಲ್ಬಂ ‘ಪರ್ಲ್’ ನನ್ನ ಹತ್ತಿರ ಮೂರು ರೂಪದಲ್ಲಿದೆ. ಹಳೆಯ ಎಲ್‌ಪಿ (ಗ್ರಾಮಫೋನ್ ಪ್ಲೇಟು), 2005ರಲ್ಲಿ ಬಂದ ಎರಡು ಸಿಡಿಯ ಲೆಗಸಿ ಎಡಿಷನ್, ಆಮೇಲೆ 2012ರ ‘ದ ಪರ್ಲ್ ಸೆಷನ್ಸ್’. ಮೂಲದ ಹತ್ತು ಹಾಡು ಮೂರರಲ್ಲೂ ಇವೆ. ಹಾಗಾದರೆ ಯಾವುದನ್ನು ತೆಗೆದುಕೊಳ್ಳಬೇಕು ಅಂತ ಗೆಳೆಯರು ಕೇಳುತ್ತಿರುತ್ತಾರೆ. ಸುಮ್ನೆ ನೆನಪಿನ ಮೇಲೆ ಹೇಳುವುದು ಬೇಡ ಅನ್ನಿಸಿತು. ಒಂದು ವಾರ ರಾತ್ರಿ ಊಟ ಆದ ಮೇಲೆ ಮೂರನ್ನೂ ಪೂರ್ತಿ ಕೇಳಿದೆ.

ಮೊದಲು ಎಲ್‌ಪಿ. ಎರಡೂ ಮಗ್ಗುಲು ಸೇರಿ ಸುಮಾರು 34 ನಿಮಿಷ, ಅಷ್ಟೇ. ‘ಮೂವ್ ಓವರ್’ ಡ್ರಮ್ಮಿನ ಏಟಿನಿಂದ ಶುರುವಾಗುತ್ತದೆ. ಮುಂದಿನ ‘ಕ್ರೈ ಬೇಬಿ’ಯಲ್ಲಿ ಅವಳ ಕೂಗು ಒಮ್ಮೆಲೇ ಮೇಲೇರುತ್ತದೆ. ಮೂರನೆಯದು ‘ಎ ವುಮನ್ ಲೆಫ್ಟ್ ಲೋನ್ಲಿ’. ಅದರ ಮೊದಲ ಸಾಲುಗಳನ್ನು ಅವಳು ಎಷ್ಟು ತಗ್ಗಿದ ದನಿಯಲ್ಲಿ ಹಾಡುತ್ತಾಳೆ ಅಂದರೆ, 1968ರ ‘ಚೀಪ್ ಥ್ರಿಲ್ಸ್’ ಆಲ್ಬಂನಲ್ಲಿ ಕಿರುಚಿದವಳು ಇವಳೇನಾ ಅನ್ನಿಸುತ್ತದೆ. ನಾಲ್ಕನೆಯದು ‘ಹಾಫ್ ಮೂನ್’. ಐದನೆಯದು ‘ಬರೀಡ್ ಅಲೈವ್ ಇನ್ ದ ಬ್ಲೂಸ್’. ಗಿಟಾರು, ಪಿಯಾನೋ, ಆರ್ಗನ್ ಎಲ್ಲ ಜೋರಾಗಿ ಬರುತ್ತವೆ. ಅವಳ ದನಿ ಮಾತ್ರ ಬರುವುದೇ ಇಲ್ಲ.

ಅದರ ಕಥೆ ಇಷ್ಟು. ರೆಕಾರ್ಡಿಂಗ್ ನಡೆದದ್ದು 1970ರ ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಲಾಸ್ ಏಂಜಲೀಸ್‌ನ ಸನ್‌ಸೆಟ್ ಸೌಂಡ್ ಸ್ಟುಡಿಯೋದಲ್ಲಿ. ಅಕ್ಟೋಬರ್ 3ರ ಶನಿವಾರ ಅವಳು ಬಂದು ಈ ಹಾಡಿನ ವಾದ್ಯದ ಟ್ರ್ಯಾಕ್ ಕೇಳಿಕೊಂಡು ಹೋದಳು. ಭಾನುವಾರ ಹಾಡಬೇಕಿತ್ತು. ಬರಲಿಲ್ಲ. ಹೋಟೆಲಿನ ರೂಮಿನಲ್ಲಿ ಹೆಣವಾಗಿ ಸಿಕ್ಕಳು. ಹೆರಾಯಿನ್ ಜಾಸ್ತಿಯಾಗಿತ್ತು. ವಯಸ್ಸು 27. ನಿರ್ಮಾಪಕ ಪಾಲ್ ರಾತ್‌ಚೈಲ್ಡ್ ಆ ಹಾಡನ್ನು ತೆಗೆದುಹಾಕಲಿಲ್ಲ. ಬೇರೆಯವರಿಂದ ಹಾಡಿಸಿಯೂ ಇಲ್ಲ. ದನಿ ಇಲ್ಲದೆಯೇ ಬಿಟ್ಟ.

ಎಲ್‌ಪಿಯಲ್ಲಿ ಇದು ಮೊದಲ ಮಗ್ಗುಲಿನ ಕೊನೆಯ ಹಾಡು. ಅದು ಮುಗಿಯುತ್ತದೆ, ಮುಳ್ಳು ಒಳಗಿನ ಗೆರೆಯಲ್ಲಿ ಕರಕರ ಅನ್ನುತ್ತಿರುತ್ತದೆ. ನೀವೇ ಎದ್ದು ಹೋಗಿ ಪ್ಲೇಟು ಮಗುಚಿ ಹಾಕಬೇಕು. ಆ ಅರ್ಧ ನಿಮಿಷ ಮನೆಯಲ್ಲಿ ಏನೂ ಸದ್ದಿಲ್ಲ. ಸಿಡಿಯಲ್ಲಿ, ಫೋನಿನಲ್ಲಿ ಈ ಅರ್ಧ ನಿಮಿಷ ಸಿಗುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ‘ಮೈ ಬೇಬಿ’ ಶುರುವಾಗಿಬಿಡುತ್ತದೆ. ಖಾಲಿ ಬಿಟ್ಟ ಹಾಡು ಸುಮ್ನೆ ಒಂದು ವಾದ್ಯದ ತುಣುಕಿನಂತೆ ದಾಟಿಹೋಗುತ್ತದೆ. ನನಗೆ ಮೂರೂ ರೂಪಗಳ ನಡುವಿನ ದೊಡ್ಡ ವ್ಯತ್ಯಾಸ ಇದೇ.

ಆದರೆ ಎಲ್‌ಪಿಯಲ್ಲಿ ಒಂದು ತೊಂದರೆ. ನನ್ನದು ತುಂಬಾ ಓಡಿದ ಪ್ಲೇಟು. ‘ಮರ್ಸಿಡಿಸ್ ಬೆಂಜ್’ಗೆ ವಾದ್ಯವೇ ಇಲ್ಲ, ಬರೀ ಅವಳ ದನಿ. ಹಾಗಾಗಿ ಪ್ಲೇಟಿನ ಚಟಪಟ ಸದ್ದೆಲ್ಲ ಆ ಹಾಡಿನ ಮೇಲೇ ಬಂದು ಕೂರುತ್ತದೆ. ಇಲ್ಲಿ ಸಿಡಿ ಗೆಲ್ಲುತ್ತದೆ. ಅವಳು ಕಾಲಿನಿಂದ ತಾಳ ಹಾಕುವುದು, ಕೊನೆಯಲ್ಲಿ ಕಿಸಕ್ಕನೆ ನಗುವುದು, ಎಲ್ಲ ಹತ್ತಿರದಲ್ಲೇ ಕೇಳುತ್ತದೆ. ಎರಡು ನಿಮಿಷವೂ ಇಲ್ಲದ ಈ ಹಾಡನ್ನು ಅಕ್ಟೋಬರ್ 1ರಂದು ಒಂದೇ ಟೇಕಿನಲ್ಲಿ ಮುಗಿಸಿದ್ದಳು. ಆ ನಗು ಸಾವಿಗೆ ಮೂರು ದಿನ ಮುಂಚಿನದು.

ಲೆಗಸಿ ಎಡಿಷನ್ನಿನ ಎರಡನೇ ಸಿಡಿ ಪೂರ್ತಿ ಲೈವ್. 1970ರ ಬೇಸಿಗೆಯಲ್ಲಿ ಅವಳು, ಅವಳ ಫುಲ್ ಟಿಲ್ಟ್ ಬೂಗಿ ತಂಡ, ಇನ್ನೂ ಎಷ್ಟೋ ಬ್ಯಾಂಡಿನವರು ಒಂದೇ ರೈಲಿನಲ್ಲಿ ಕೆನಡಾ ಸುತ್ತುತ್ತಾ ಹಾಡಿದ್ದರು. ಆಗ ಅವಳು ಹಾಡಿದ್ದೇ ಇದರಲ್ಲಿದೆ. ‘ಟೆಲ್ ಮಾಮಾ’ ಕೇಳಿದರೆ ಮೈ ಜುಂ ಅನ್ನುತ್ತದೆ. ಮೊದಲ ಸಿಡಿಯ ಜೋಡಣೆ ಮಾತ್ರ ನನಗೆ ಸರಿಬರಲಿಲ್ಲ. ಮೂಲ ಆಲ್ಬಂ ‘ಗೆಟ್ ಇಟ್ ವೈಲ್ ಯು ಕ್ಯಾನ್’ನಲ್ಲಿ ನಿಲ್ಲುತ್ತದೆ. ನಿಲ್ಲಲೇಬೇಕಾದ ಜಾಗ ಅದು. ಇಲ್ಲಿ ಅದರ ಬೆನ್ನಿಗೇ ಬೀಟಲ್ಸ್‌ನ ಜಾನ್ ಲೆನನ್‌ಗೆ ಅವಳು ಹಾಡಿ ಕಳಿಸಿದ ಹುಟ್ಟುಹಬ್ಬದ ಹಾರೈಕೆ ಬರುತ್ತದೆ. ಕೇಳಲು ಮುದ್ದಾಗಿದೆ, ನಿಜ. ಆ ಟೇಪು ಲೆನನ್ ಕೈಗೆ ಸಿಗುವಷ್ಟರಲ್ಲಿ ಅವಳೇ ಇರಲಿಲ್ಲ ಅನ್ನುವುದೂ ನಿಜ. ಆದರೂ ಆ ಕೊನೆಯ ಹಾಡು ಮುಗಿದ ಮೇಲೆ ನನಗೆ ಇನ್ನೇನೂ ಬೇಕಿರುವುದಿಲ್ಲ.

‘ಸೆಷನ್ಸ್’ ಬೇರೆಯೇ ತರದ್ದು. ಅದರಲ್ಲಿ ‘ಮೂವ್ ಓವರ್’ ಒಂದರದ್ದೇ ಹಲವು ಟೇಕ್ ಇವೆ. ಮಧ್ಯೆ ಮಧ್ಯೆ ಸ್ಟುಡಿಯೋದ ಮಾತುಕತೆ. ಅವಳೇ ಬರೆದ ಹಾಡು ಅದು. ಒಂದೊಂದು ಟೇಕಿಗೂ ಅದು ಬಿಗಿಯಾಗುತ್ತಾ ಹೋಗುವುದು ಗೊತ್ತಾಗುತ್ತದೆ. ಜಾನಿಸ್ ಅಂದರೆ ಕುಡಿದು ಕೂಗಾಡಿ ಹಾಡಿದವಳು ಅಂತ ಎಷ್ಟು ಜನ ಬರೆದುಬಿಟ್ಟಿದ್ದಾರೆ, ಅಲ್ವಾ? ಅವರೆಲ್ಲ ಈ ಟೇಕ್‌ಗಳನ್ನು ಕೇಳಬೇಕು. ತನಗೆ ಬೇಕಾದದ್ದು ಸಿಗುವವರೆಗೂ ಬಿಡದೆ ದುಡಿಯುವ ಹೆಣ್ಣು ಅಲ್ಲಿದ್ದಾಳೆ. ನನಗೆ ಅಳು ಬಂದದ್ದು ಈ ಸಿಡಿ ಕೇಳುವಾಗ. ಎಲ್‌ಪಿಯಲ್ಲಿ ಅವಳು ಸತ್ತಿರುವುದು ನೆನಪಾಗುತ್ತದೆ. ಇಲ್ಲಿ ಅದು ಮರೆತೇಹೋಗಿ, ಸಿಡಿ ನಿಂತಾಗ ಮತ್ತೆ ನೆನಪಾಗುತ್ತದೆ.

ಹಾಡುಗಳು ಇನ್ನೂ ಬಾಯಿಗೆ ಬರದವರಿಗೆ ‘ಸೆಷನ್ಸ್’ ಬೇಡ. ಒಂದೇ ಹಾಡು ಮತ್ತೆ ಮತ್ತೆ ಬಂದು ಬೇಜಾರಾಗುತ್ತದೆ. ಲೆಗಸಿಯನ್ನು ಲೈವ್ ಸಿಡಿಗಾಗಿ ತೆಗೆದುಕೊಳ್ಳಿ. ಮೊದಲ ಸಲ ಕೇಳುವವರಿಗೆ ನಾನು ಹೇಳುವುದು ಎಲ್‌ಪಿ. ಟರ್ನ್‌ಟೇಬಲ್ ಇಲ್ಲದಿದ್ದರೆ ಫೋನಿನಲ್ಲೇ ಕೇಳಿ. ಐದನೇ ಹಾಡಾದ ಮೇಲೆ ಒಮ್ಮೆ ನಿಲ್ಲಿಸಿ, ಹತ್ತನೆಯದಕ್ಕೆ ಪೂರ್ತಿ ನಿಲ್ಲಿಸಿ.

ಆ ವಾರ ಅಕ್ಕನ ಮಗಳು ಮನೆಗೆ ಬಂದಿದ್ದಳು. ಅವಳಿಗೆ ಜಾನಿಸ್ ಯಾರೆಂದೇ ಗೊತ್ತಿರಲಿಲ್ಲ. ನಾನು ಏನೂ ಹೇಳದೆ ಎಲ್‌ಪಿ ಹಾಕಿದೆ. ಐದನೇ ಹಾಡು ಅರ್ಧ ಆಗುವ ಹೊತ್ತಿಗೆ ಅವಳು ಫೋನಿನಿಂದ ತಲೆ ಎತ್ತಿದಳು. “ಮಾವ, ಇದರಲ್ಲಿ ಅವರು ಹಾಡೋದೇ ಇಲ್ವಾ?” ಅಂದಳು. ಯಾಕೆ ಅಂತ ಹೇಳಿದೆ. ಹಾಡು ಮುಗಿದು ಮುಳ್ಳು ಕರಕರ ಅನ್ನತೊಡಗಿತು. ನಾನು ಏಳುವ ಮುಂಚೆಯೇ ಅವಳು ಎದ್ದು, ಪ್ಲೇಟನ್ನು ಎರಡೂ ಕೈಯಲ್ಲಿ ಅಂಚು ಹಿಡಿದು ಮಗುಚಿ ಹಾಕಿದಳು.