ಸಿಲ್ವರ್ ಓಕ್ ಅಥವಾ ಹಲಸು: ಕೊಡಗಿನ ಮನೆಗೆ ಯಾವ ಮರ?

ತೋಟದ ನೆರಳಿನ ಮರದಿಂದಲೇ ಬಾಗಿಲು, ಮೇಜು, ಕಪಾಟು ಮಾಡಿಸಬೇಕೆನ್ನುವವರಿಗೆ ಕೊಡಗಿನಲ್ಲಿ ಸಾಮಾನ್ಯವಾಗಿ ಎದುರಾಗುವ ಆಯ್ಕೆ ಸಿಲ್ವರ್ ಓಕ್ ಮತ್ತು ಹಲಸಿನ ನಡುವಿನದು.

ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಮತ್ತು ರಾಜ್ಯದ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಕಡಿಯಲು ವಿನಾಯಿತಿ ಪಡೆದ ಜಾತಿಗಳಲ್ಲಿ ಒಂದಾಗಿದೆ. ದಿಮ್ಮಿಯನ್ನು ತಿರುಳಿನಿಂದ ಹೊರಮುಖವಾಗಿ ಸೀಳಿ ಹಲಗೆಗೆ ಉಜ್ಜುಗೊರಡು ಹಾಕಿದಾಗ, ನಸುಗೆಂಪು ಮೈಮೇಲೆ ಕಸೂತಿಯಂತಹ ಹೊಳೆಯುವ ಚುಕ್ಕೆಗಳು ಏಳುತ್ತವೆ. ಈ ಸೊಬಗನ್ನು ಬಣ್ಣ ಬಳಿದು ಮುಚ್ಚುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಆದರೆ ಗೆದ್ದಲು ಇದನ್ನು ಸುಲಭವಾಗಿ ತಿನ್ನುವುದರಿಂದ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ಉಪಚಾರ ಅಗತ್ಯ, ಅದೂ ಒಳಾಂಗಣದ ಬಳಕೆಗೆ ಮಾತ್ರ, ಏಕೆಂದರೆ ಮಳೆನೀರು ಆ ಲವಣಗಳನ್ನು ತೊಳೆದುಬಿಡುತ್ತದೆ.

ಹಲಸಿನ ಕೆಚ್ಚು ಗೆದ್ದಲನ್ನು ತಾನೇ ತಡೆಯುತ್ತದೆ. ಹೊಸದಾಗಿ ಕೊಯ್ದಾಗ ಹಳದಿಯಾಗಿದ್ದು, ವರ್ಷಗಳು ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಫಲ ಕೊಡುವ ಮರವನ್ನು ಕಡಿಸುವ ಬದಲು ಗಾಳಿಗೆ ಬಿದ್ದದ್ದನ್ನು ಅಥವಾ ಹಳೆ ಮನೆಯ ತೊಲೆಯನ್ನು ಹುಡುಕುವುದು ಲೇಸು. ಜಮೀನು ಅನ್‌ರಿಡೀಮ್ಡ್ (ಅಲ್ಲಿನ ಮರಗಳ ಮೌಲ್ಯವನ್ನು ಸರ್ಕಾರಕ್ಕೆ ಕಟ್ಟಿರದ ಜಮೀನು) ಆಗಿದ್ದರೆ ಮರದ ಹಕ್ಕಿನ ಪ್ರಶ್ನೆಯೂ ಏಳುವುದರಿಂದ, ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ಮುಂಗಡ ಕೊಡಬಾರದು.

ಯಾವುದೇ ಆಗಲಿ, ಹಲಗೆಗಳ ನಡುವೆ ಪಟ್ಟಿಯಿಟ್ಟು, ಸೂರಿನಡಿ ಗಾಳಿಯಾಡುವಂತೆ ಪೇರಿಸಿ ಒಣಗಿಸಬೇಕು. ಕಪಾಟು, ಮೇಜಿಗೆ ಸಿಲ್ವರ್ ಓಕ್ ಸಾಕು. ಮಳೆಯ ಎರಚಲು ತಾಗುವ ಮುಂಬಾಗಿಲು, ಕಿಟಕಿಗಳಿಗೆ ಹಲಸನ್ನೇ ಆರಿಸಿಕೊಳ್ಳಿ.