ಟ್ರೇಲರಿನ ಸಣ್ಣ ಫ್ರಿಜ್: ಮೂರು ಬೇಸಿಗೆ ಬಳಸಿದ ಮೇಲೆ

ಅಮ್ಮನಿಗೆ ದಿನಕ್ಕೆ ಎರಡು ಸಲ ಇನ್ಸುಲಿನ್ ಬೇಕು. ಸೀಲ್ ತೆಗೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಒಳಗೆ ಇರಬೇಕು. ಗಾಡಿಯ ಹಿಂದೆ ಕಟ್ಟಿಕೊಂಡು ಪ್ರವಾಸ ಹೋಗಿ ಒಳಗೇ ಮಲಗುವ ಟ್ರೇಲರ್ ನಮ್ಮದು, ಅದರ ಫ್ರಿಜ್ ಹಿಂದೆ ನಾನು ಇಷ್ಟು ಬಿದ್ದಿದ್ದು ಅದಕ್ಕೇ. ಫ್ರಿಜ್ ಸರಿಯಾಗಿ ತಣ್ಣಗಾಗದಿದ್ದರೆ ಅಮ್ಮ ತುಮಕೂರಿನ ಮನೆಯಲ್ಲೇ ಉಳಿಯಬೇಕು, ನಾವು ಮಾತ್ರ ಹೋಗಬೇಕು. ಅದು ನನಗೆ ಬೇಡವಾಗಿತ್ತು.

ಟ್ರೇಲರ್ ಸೆಕೆಂಡ್ ಹ್ಯಾಂಡ್. ತಗೊಂಡು ಮೂರು ವರ್ಷವಾಯ್ತು. ಅದರಲ್ಲಿರುವುದು ಅಬ್ಸಾರ್ಪ್ಷನ್ ಫ್ರಿಜ್, ಅಂದರೆ ಬಿಸಿ ಕೊಟ್ಟು ತಂಪು ಹುಟ್ಟಿಸುವಂಥದ್ದು. ಮನೆ ಕರೆಂಟು, ಗ್ಯಾಸು, ಗಾಡಿಯ 12 ವೋಲ್ಟ್, ಮೂರರಲ್ಲೂ ಓಡುತ್ತದೆ. ಮೊದಲ ಏಪ್ರಿಲ್‌ನಲ್ಲಿ ಪಾವಗಡದ ಕಡೆ ನೆಂಟರ ಹೊಲದಲ್ಲಿ ನಿಲ್ಲಿಸಿದ್ದೆವು. ಪಾವಗಡದ ಬಿಸಿಲು ಗೊತ್ತಲ್ಲ, ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಸುಮ್ನೆ ಅಲ್ಲಿಗೆ ಬಂದಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಫ್ರಿಜ್ ಒಳಗಿನ ಥರ್ಮಾಮೀಟರ್ 14 ತೋರಿಸುತ್ತಿತ್ತು. ಸಂಜೆ ಕಾಫಿಗೆ ಹಾಲಿಟ್ಟರೆ ಒಡೆದುಹೋಯ್ತು. ಇನ್ಸುಲಿನ್ನನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಒದ್ದೆ ಬಟ್ಟೆ ಸುತ್ತಿ, ಮಣ್ಣಿನ ಮಡಕೆಯೊಳಗಿಟ್ಟುಕೊಂಡು ರಾತ್ರಿಯೇ ವಾಪಸ್ ಹೊರಟೆವು.

ರಿಪೇರಿಯವರೊಬ್ಬರು ನೋಡಿ "ಒಳಗಿನ ಗ್ಯಾಸ್ ಹೋಗಿದೆ, ಹೊಸ ಫ್ರಿಜ್ಜೇ ಹಾಕಿಸಿ" ಅಂದರು. ನನಗೆ ನಂಬಿಕೆ ಬರಲಿಲ್ಲ. ಇದರೊಳಗೆ ಇರುವುದು ಅಮೋನಿಯ. ಅದು ಸೋರಿದರೆ ಮೂಗಿಗೆ ಹೊಡೆಯುವ ವಾಸನೆ ಬರುತ್ತದೆ, ಹಿಂದಿನ ಪೈಪುಗಳ ಮೇಲೆ ಹಳದಿ ಪುಡಿ ಕೂತಿರುತ್ತದೆ. ನಮ್ಮದರಲ್ಲಿ ಎರಡೂ ಇರಲಿಲ್ಲ. ಮನೆಯಲ್ಲಿ ರಾತ್ರಿ ಓಡಿಸಿದರೆ ಚೆನ್ನಾಗಿಯೇ ತಣ್ಣಗಾಗುತ್ತಿತ್ತು. ಹಗಲಲ್ಲಿ ಮಾತ್ರ ತೊಂದರೆ.

ಈ ಫ್ರಿಜ್ಜಿಗೆ ಕಂಪ್ರೆಸರ್ ಇಲ್ಲ. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಕಂಡುಹಿಡಿದ ವಿಧಾನ ಇದು. ಕೆಳಗೆ ಬಿಸಿ ಕೊಟ್ಟರೆ ನೀರಿನಿಂದ ಅಮೋನಿಯ ಆವಿಯಾಗಿ ಮೇಲೆ ಹೋಗುತ್ತದೆ. ಮೇಲಿನ ಪೈಪಿಗೆ ಕೂರಿಸಿದ ಲೋಹದ ತೆಳು ರೆಕ್ಕೆಗಳಲ್ಲಿ ಬಿಸಿ ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಆ ದ್ರವ ಇಳಿದು ಒಳಗೆ ಹೈಡ್ರೋಜನ್ ಜೊತೆ ಸೇರಿ ಆರುವಾಗ ತಂಪು ಹುಟ್ಟುತ್ತದೆ. ತಳ್ಳುವ ಮೋಟಾರ್ ಯಾವುದೂ ಇಲ್ಲ. ಹಾಗಾಗಿ ಹಿಂದಿನ ರೆಕ್ಕೆಗಳ ಸುತ್ತ ಬಿಸಿಗಾಳಿ ನಿಂತುಬಿಟ್ಟರೆ ಆಟ ಅಲ್ಲಿಗೇ ಮುಗಿಯಿತು.

ಗಾಳಿ ಆಡುತ್ತಿದೆಯಾ ಅಂತ ನೋಡೋಕೆ ಒಂದು ಊದುಬತ್ತಿ ಸಾಕು. ಗ್ಯಾಸ್ ಬಂದ್ ಮಾಡಿ, ಮನೆ ಕರೆಂಟಿನಲ್ಲಿ ಓಡಿಸುತ್ತಾ, ಟ್ರೇಲರಿನ ಹೊರಗೋಡೆಯ ಕೆಳಗಿನ ಜಾಲರಿ ಹತ್ತಿರ ಊದುಬತ್ತಿ ಹಿಡಿದೆ. ಹೊಗೆ ಒಳಗೆ ಎಳೆದುಕೊಳ್ಳಬೇಕಿತ್ತು. ಅಲ್ಲೇ ಸುತ್ತಿ ಸುತ್ತಿ ನಿಂತಿತು. ಮೇಲಿನ ಜಾಲರಿ ತೆಗೆದು ಕೈ ಹಾಕಿದರೆ ಒಲೆ ಮುಂದೆ ಕೈ ಒಡ್ಡಿದ ಹಾಗೆ ಬಿಸಿ. ರೆಕ್ಕೆಗಳಿಗೂ ಗೋಡೆಗೂ ನಡುವೆ ನಾಲ್ಕು ಬೆರಳು ಸಂದು. ಗಾಳಿ ರೆಕ್ಕೆಗಳ ನಡುವೆ ಹೋಗದೆ ಆ ಖಾಲಿ ಜಾಗದಲ್ಲೇ ನುಸುಳಿ, ಮೇಲೆ ಹೋಗಿ ಸಿಕ್ಕಿಕೊಳ್ಳುತ್ತಿತ್ತು. ಸಂದು ಒಂದು ಇಂಚಿನ ಆಸುಪಾಸು ಇದ್ದರೆ ಗಾಳಿಗೆ ರೆಕ್ಕೆ ಬಿಟ್ಟು ಬೇರೆ ದಾರಿ ಇರುವುದಿಲ್ಲ.

ಹಳೇ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಇರುತ್ತಲ್ಲ, 120 ಮಿಲಿಮೀಟರ್ ಫ್ಯಾನು, ಅಂಥವು ಎರಡು ಹಾಕಿದೆ. ಮೇಲಿನ ಜಾಲರಿಯ ಒಳಬದಿಗೆ, ಬಿಸಿಗಾಳಿಯನ್ನು ಹೊರಗೆ ಎಳೆಯುವ ಹಾಗೆ. ಕೆಳಗೆ ಹಾಕಬೇಡಿ. ಅಲ್ಲಿ ಗ್ಯಾಸ್ ಉರಿ ಇದೆ, ಗಾಳಿ ಹೊಡೆದರೆ ಆರುತ್ತದೆ. ಒಂದೊಂದು ಫ್ಯಾನು ಸುಮಾರು 2.4 ವ್ಯಾಟ್ ಎಳೆಯುತ್ತದೆ, ಬ್ಯಾಟರಿಗೆ ಅದು ಲೆಕ್ಕಕ್ಕೇ ಇಲ್ಲ. ರೆಕ್ಕೆಗೆ 45 ಡಿಗ್ರಿಯ ಥರ್ಮಲ್ ಸ್ವಿಚ್ ಒಂದನ್ನು ಕಟ್ಟಿದ್ದೇನೆ. ಬಿಸಿಯಾದಾಗ ಫ್ಯಾನು ತಾನೇ ಶುರುವಾಗುತ್ತದೆ, ತಣ್ಣಗಾದಾಗ ತಾನೇ ನಿಲ್ಲುತ್ತದೆ. ತಂತಿಗೆ 1 ಆಂಪಿಯರ್ ಫ್ಯೂಸ್. ಮೊದಲ ರಾತ್ರಿ ಗುಂಯ್ ಅನ್ನುವ ಶಬ್ದಕ್ಕೆ ಅಮ್ಮನಿಗೆ ನಿದ್ದೆ ಬರಲಿಲ್ಲ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಸ್ಕ್ರೂಗಳ ಕೆಳಗೆ ಇಟ್ಟೆ, ಸದ್ದು ಹೋಯಿತು. ಆ ನಾಲ್ಕು ಬೆರಳು ಸಂದಿಗೆ ಅಲ್ಯೂಮಿನಿಯಂ ತಗಡು ಬಗ್ಗಿಸಿ ಕೂರಿಸಿದೆ. ಅಲ್ಲಿ ಥರ್ಮಾಕೋಲ್ ಮಾತ್ರ ಯಾರೂ ತುರುಕಬೇಡಿ, ಬೆಂಕಿ ಹತ್ತುತ್ತದೆ.

ಮುಂದಿನ ಬೇಸಿಗೆಗೆ ಅದೇ ಹೊಲಕ್ಕೆ ಹೋದೆವು. ಹೆಚ್ಚುಕಮ್ಮಿ ಅದೇ ಬಿಸಿಲು. ಮಧ್ಯಾಹ್ನ ಮೂರಕ್ಕೆ ಒಳಗೆ 7 ಡಿಗ್ರಿ. ನಾನು ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿದೆ. 7 ಡಿಗ್ರಿಯೇ.

ಒಳಗೂ ಒಂದು ಸಣ್ಣ ಫ್ಯಾನು ಇಟ್ಟೆ. ಒಳಗಿನ ತಂಪು ಎಲ್ಲ ಕಡೆ ಒಂದೇ ಸಮ ಆಗಲಿ ಅಂತ. ಇಲ್ಲಿ ನನ್ನಿಂದ ಒಂದು ತಪ್ಪಾಯ್ತು. ಇನ್ಸುಲಿನ್ ಡಬ್ಬಿಯನ್ನು ಹಿಂದಿನ ತಂಪು ರೆಕ್ಕೆಗೆ ತಾಗಿಸಿ ಇಟ್ಟಿದ್ದೆ. ರಾತ್ರಿ ಹೊರಗೆ ಚಳಿ, ಬೆಳಗ್ಗೆ ನೋಡಿದರೆ ಗಟ್ಟಿಯಾಗಿತ್ತು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಸುವ ಹಾಗಿಲ್ಲ. ಎಸೆದೆ. ಈಗ ಅದರ ಜಾಗ ನಡುವಿನ ತಟ್ಟೆಯ ಮುಂಭಾಗ, ಥರ್ಮಾಮೀಟರ್ ಕಡ್ಡಿ ಅದೇ ಡಬ್ಬಿಯೊಳಗೆ. ಮನೆಯಿಂದ ಹೊರಡುವಾಗ ಐಸ್ ಪ್ಯಾಕ್ ಇರುವ ಚೀಲವೂ ಜೊತೆಗಿರುತ್ತದೆ. ಔಷಧಿಗೆ ಒಂದೇ ಫ್ರಿಜ್ ನಂಬಿಕೊಂಡು ಹೋಗಬಾರದು.

ಮಟ್ಟದ ವಿಷಯ ಜನ ಹಗುರವಾಗಿ ತಗೊಳ್ಳುತ್ತಾರೆ. ದೇವರಾಯನದುರ್ಗದ ತಪ್ಪಲಲ್ಲಿ ಒಮ್ಮೆ ಸ್ವಲ್ಪ ಇಳಿಜಾರಿನಲ್ಲಿ ನಿಲ್ಲಿಸಿ ಮಲಗಿದೆವು. ಬೆಳಗ್ಗೆ ಒಳಗೆ ಬೆಚ್ಚಗಿತ್ತು. ಪೈಪಿನಲ್ಲಿ ದ್ರವ ತನ್ನ ಭಾರದಿಂದಲೇ ಹರಿಯಬೇಕು, ವಾಲಿದರೆ ನಿಂತುಬಿಡುತ್ತದೆ. ಹಾಗೇ ಬಹಳ ಹೊತ್ತು ಓಡಿಸಿದರೆ ಕೆಳಗಿನ ಬಾಯ್ಲರ್ ಕಾದು ಫ್ರಿಜ್ಜೇ ಹಾಳಾಗಬಹುದು. ಅಂದಿನಿಂದ ಮೇಸ್ತ್ರಿಗಳ ರಸಮಟ್ಟ ಒಂದು ಫ್ರಿಜ್ ಒಳಗೇ ಇರುತ್ತದೆ. ಚಕ್ರದ ಕೆಳಗೆ ಹಲಗೆ ಕೊಟ್ಟು, ಗುಳ್ಳೆ ನಡುವೆ ಬಂದ ಮೇಲೇ ಮುಂದಿನ ಕೆಲಸ.

12 ವೋಲ್ಟಿನ ತಂತಿ ಸಣ್ಣದಿತ್ತು. ಬ್ಯಾಟರಿಯಲ್ಲಿ 12 ವೋಲ್ಟ್ ಇದ್ದರೂ ಫ್ರಿಜ್ ಹತ್ತಿರ ಬರುವಷ್ಟರಲ್ಲಿ 10.5 ಆಗುತ್ತಿತ್ತು. ವೋಲ್ಟೇಜ್ ಅಷ್ಟು ಬಿದ್ದರೆ ಕೆಳಗೆ ಬಿಸಿ ಕೊಡುವ ಹೀಟರಿನ ಶಕ್ತಿ ಸುಮಾರು ಕಾಲುಭಾಗ ಕಮ್ಮಿ. 6 ಚದರ ಮಿಲಿಮೀಟರಿನ ತಂತಿ ಎಳೆಸಿದೆ. ಆದರೂ ಹೇಳುತ್ತೇನೆ, ಗಾಡಿ ನಿಲ್ಲಿಸಿದಾಗ 12 ವೋಲ್ಟಿನಲ್ಲಿ ಓಡಿಸಬೇಡಿ. 10 ಆಂಪಿಯರ್ ಹತ್ತಿರ ಕುಡಿಯುತ್ತದೆ, ಬ್ಯಾಟರಿ ಮುಗಿಯುತ್ತದೆ. ಅದು ದಾರಿಯಲ್ಲಿ ಇರುವ ತಂಪನ್ನು ಉಳಿಸಿಕೊಳ್ಳೋಕೆ ಅಷ್ಟೇ. ಗ್ಯಾಸ್ ಪೈಪು, ಬರ್ನರ್ ಮಾತ್ರ ನಾನು ಮುಟ್ಟಿಲ್ಲ. ಅದಕ್ಕೆ ತಿಳಿದವರನ್ನೇ ಕರೆಸುತ್ತೇನೆ.

ಏನು ಸರಿಹೋಗಿಲ್ಲ? ಖಾಲಿ ಫ್ರಿಜ್ ತಣ್ಣಗಾಗಲು ಈಗಲೂ ಎಂಟು ಗಂಟೆ ಬೇಕು. ಹಿಂದಿನ ರಾತ್ರಿಯೇ ಮನೆ ಕರೆಂಟಿಗೆ ಹಾಕಬೇಕು, ಒಳಗಿಡುವುದೆಲ್ಲ ಮೊದಲೇ ತಣ್ಣಗಿರಬೇಕು. ಫ್ರಿಜ್ ಇರುವ ಬದಿ ಪಡುವಣಕ್ಕೆ ಬರದ ಹಾಗೆ ಟ್ರೇಲರ್ ನಿಲ್ಲಿಸಬೇಕು. ಹೊಸದು ಕೊಳ್ಳುವವರು ಕೇಳಿದರೆ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ತಗೊಳ್ಳಿ ಅಂತಲೇ ಹೇಳುತ್ತೇನೆ. ಬೆಲೆ ಜಾಸ್ತಿ, ಆದರೆ ಬಿಸಿಲಿಗೂ ಇಳಿಜಾರಿಗೂ ಇಷ್ಟು ಹೆದರುವುದಿಲ್ಲ. ಈಗಾಗಲೇ ಇಂಥದ್ದೇ ಇರುವವರು ಮಾತ್ರ ಯಾರದೋ ಮಾತು ಕೇಳಿ ಎಸೆಯಬೇಡಿ. ಮೊದಲು ಊದುಬತ್ತಿ ಹಚ್ಚಿ ನೋಡಿ.

ನನಗೆ ಬಾಕಿ ಇರುವುದು ಬಾಗಿಲಿನ ರಬ್ಬರ್. ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೆದರೆ ಮೂರು ಕಡೆ ಬಿಗಿಯಾಗಿದೆ, ಕೆಳಗಿನ ಎಡಮೂಲೆಯಲ್ಲಿ ನೋಟು ಸಲೀಸಾಗಿ ಬರುತ್ತದೆ. ಯುಗಾದಿಗೆ ಮೊದಲು ಅದನ್ನು ಬದಲಾಯಿಸಬೇಕು. ಅಮ್ಮ ಆಗಲೇ ಪಾವಗಡಕ್ಕೆ ಫೋನ್ ಮಾಡಿ ದಿನ ಹೇಳಿಬಿಟ್ಟಿದ್ದಾಳೆ.